ಗ್ಲುಟಮೇಟ್ ಮೆದುಳಿನ ಸರಕು ಅಂದುಕೊಂಡಿದ್ದೆ, ಚರ್ಮದಲ್ಲಿ ಇದಕ್ಕೇನು ಕೆಲಸ?

ಮಂಚದ_ಕಾಲು:

ಮೊನ್ನೆ ರಾತ್ರಿ ಕತ್ತಲಲ್ಲಿ ಎದ್ದು ನಡೆಯುವಾಗ ಕಿರುಬೆರಳು ಮಂಚದ ಕಾಲಿಗೆ ಬಡಿಯಿತು. ಮೊದಲು ಚುರುಕ್ ಅಂತ ಒಂದು ನೋವು. ಆಮೇಲೆ ಅರೆಗಳಿಗೆ ಏನೂ ಇಲ್ಲ. ಸದ್ಯ ಪಾರಾದೆ ಅಂದುಕೊಳ್ಳುವಷ್ಟರಲ್ಲಿ ಎರಡನೇ ನೋವು ಬಂತು ನೋಡಿ, ಉರಿ, ಮಿಡಿತ, ಕಣ್ಣಲ್ಲಿ ನೀರು. ಮಾರನೇ ದಿನ ಬೆರಳು ಊದಿಕೊಂಡು, ಹೊದಿಕೆಯ ಅಂಚು ತಾಗಿದರೂ ಜೀವ ಹೋದ ಹಾಗಾಗುತ್ತಿತ್ತು.

ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಸುಮ್ನೆ ಓದುತ್ತಾ ಹೋದೆ. ಎರಡು ನೋವು ಯಾಕೆ ಅಂತ ಗೊತ್ತಾಯಿತು. ಚುರುಕ್ ಅನ್ನುವುದನ್ನು ತರುವ ಎ-ಡೆಲ್ಟಾ ನರತಂತುಗಳು ಸೆಕೆಂಡಿಗೆ ಸುಮಾರು 5ರಿಂದ 30 ಮೀಟರ್ ವೇಗದಲ್ಲಿ ಸುದ್ದಿ ಒಯ್ಯುತ್ತವೆ, ಉರಿಯ ಸುದ್ದಿ ತರುವ ಸಿ ತಂತುಗಳದ್ದು ಸೆಕೆಂಡಿಗೆ ಒಂದು ಮೀಟರ್ ಆಸುಪಾಸು, ಅಂದರೆ ನಾವು ನಡೆಯುವ ವೇಗ. ಕಾಲಿನ ತುದಿಯಿಂದ ಬೆನ್ನುಹುರಿಗೆ ಹತ್ತಿರ ಹತ್ತಿರ ಒಂದು ಮೀಟರ್ ದಾರಿ, ಹಾಗಾಗಿ ಆ ಅರೆಗಳಿಗೆಯ ಬಿಡುವು.

ಆದರೆ ಒಂದು ಕಡೆ ಸಿಕ್ಕಿಹಾಕಿಕೊಂಡೆ. ಓದಿದ್ದರಲ್ಲಿ ಪದೇ ಪದೇ "ಚರ್ಮದ ನರತುದಿಗಳಲ್ಲಿರುವ ಗ್ಲುಟಮೇಟ್ ರಿಸೆಪ್ಟರ್", ಅಂದರೆ ಗ್ಲುಟಮೇಟನ್ನು ಹಿಡಿಯುವ ಪ್ರೋಟೀನ್, ಅಂತ ಬರುತ್ತಿದೆ. ನಾನು ಡಿಗ್ರಿಯಲ್ಲಿ ಓದಿದ ಪ್ರಕಾರ ಗ್ಲುಟಮೇಟ್ ಅಂದರೆ ಒಂದು ನರಕೋಶ ಪಕ್ಕದ ನರಕೋಶಕ್ಕೆ ಸುದ್ದಿ ದಾಟಿಸುವ ರಾಸಾಯನಿಕ, ಅದರ ಜಾಗ ಮೆದುಳು ಮತ್ತು ಬೆನ್ನುಹುರಿ. ಬೆರಳಿನ ಚರ್ಮದಲ್ಲಿ ನರದ ತುದಿ ಮಾತ್ರ ಇರುವುದು, ಅಲ್ಲಿ ಸುದ್ದಿ ಕೇಳಿಸಿಕೊಳ್ಳೋಕೆ ಇನ್ನೊಂದು ನರಕೋಶವೇ ಇಲ್ಲ. ಹಾಗಾದ್ರೆ ಗ್ಲುಟಮೇಟ್ ಬಿಡೋದು ಯಾರು, ಹಿಡಿಯೋದು ಯಾರು? ತಿಳಿದವರು ಹೇಳಿ.

ಲ್ಯಾಬ್‌ಕೋಟು:

ಒಳ್ಳೇ ಪ್ರಶ್ನೆ. ಪಠ್ಯಪುಸ್ತಕ ಈ ಭಾಗವನ್ನು ಹಾರಿಸಿಬಿಡುತ್ತೆ.

ನೋವಿನ ನರಕೋಶದ ಆಕಾರ ಮೊದಲು ಕಣ್ಮುಂದೆ ತಂದುಕೊಳ್ಳಿ. ಕೋಶದ ಒಡಲು ಬೆನ್ನುಹುರಿಯ ಪಕ್ಕದ ಒಂದು ಪುಟ್ಟ ಗಂಟಿನಲ್ಲಿರುತ್ತೆ. ಅದಕ್ಕೆ ಒಂದೇ ಬಾಲ. ಆ ಬಾಲ ಸ್ವಲ್ಪ ದೂರ ಹೋಗಿ ಎರಡಾಗಿ ಒಡೆಯುತ್ತೆ, ಒಂದು ಕವಲು ಚರ್ಮಕ್ಕೆ, ಇನ್ನೊಂದು ಬೆನ್ನುಹುರಿಯ ಒಳಕ್ಕೆ. ಬೆನ್ನುಹುರಿಯ ಕಡೆಯ ತುದಿ ಗ್ಲುಟಮೇಟ್ ಬಿಡುತ್ತೆ ಅನ್ನುವುದು ನೀವು ಓದಿದ್ದು. ಆದರೆ ಬಿಡುವ ಸಾಮಾನು, ಹಿಡಿಯುವ ಸಾಮಾನು ಎರಡೂ ತಯಾರಾಗೋದು ನಡುವಿನ ಒಡಲಿನಲ್ಲಿ. ಅಲ್ಲಿಂದ ಸಾಗಣೆ ಎರಡೂ ಕಡೆಗಿದೆ. ಚರ್ಮದ ಕಡೆಗೂ ಹೋಗುತ್ತೆ.

1995ರಲ್ಲಿ ಸೂಸನ್ ಕಾರ್ಲ್ಟನ್ ಮತ್ತು ಸಹೋದ್ಯೋಗಿಗಳು ಇಲಿಯ ಅಂಗಾಲಿನ ಚರ್ಮವನ್ನು ನೋಡಿ, ಮಯಲಿನ್ ಅನ್ನುವ ಕೊಬ್ಬಿನ ಹೊದಿಕೆ ಇಲ್ಲದ ಸಣ್ಣ ತಂತುಗಳ ಮೇಲೆ ಎನ್‌ಎಂಡಿಎ, ಆಂಪಾ, ಕೈನೇಟ್ ಮೂರೂ ಬಗೆಯ ರಿಸೆಪ್ಟರ್ ಇರುವುದನ್ನು ತೋರಿಸಿದರು. ಇದೆ ಅಂತ ತೋರಿಸಿ ಸುಮ್ಮನಾಗಲಿಲ್ಲ, ಅವನ್ನು ಕೆರಳಿಸುವ ಮದ್ದು ಅಂಗಾಲಿಗೆ ಚುಚ್ಚಿದಾಗ ಮೆತ್ತಗೆ ಮುಟ್ಟಿದರೂ ಇಲಿ ಕಾಲೆಳೆದುಕೊಳ್ಳುತ್ತಿತ್ತು. ನಿಮ್ಮ ಹೊದಿಕೆಯ ಕಥೆಯೇ.

ನಾಲ್ಕು ವರ್ಷದ ನಂತರದ ಕೆಲಸ ನನಗೆ ಇನ್ನೂ ಇಷ್ಟ. ಅಂಗಾಲಿನಲ್ಲಿ ಉರಿಯೂತ ಎಬ್ಬಿಸಿ 48 ಗಂಟೆ ಬಿಟ್ಟು ಎಣಿಸಿದರೆ, ಈ ರಿಸೆಪ್ಟರ್ ಇರುವ ತಂತುಗಳ ಪಾಲು ಹೆಚ್ಚಾಗಿತ್ತು. ಊದಿಕೊಂಡ ಜಾಗದಲ್ಲಿ ಕಿವಿಗಳೇ ಜಾಸ್ತಿ ಆಗಿವೆ ಅಂದ ಹಾಗೆ.

ಸುಮ್ನೆ_ಕೇಳ್ದೆ:

> ಬಿಡುವ ಸಾಮಾನು, ಹಿಡಿಯುವ ಸಾಮಾನು ಎರಡೂ

ತಾನೇ ಬಿಟ್ಟು ತಾನೇ ಹಿಡಿಯುತ್ತಾ? ಇದೇನು ಒಬ್ಬನೇ ಕೂತು ಚೌಕಾಬಾರ ಆಡಿದ ಹಾಗೆ.

ಲ್ಯಾಬ್‌ಕೋಟು:

ಹ್ಹ ಹ್ಹ, ಪಕ್ಕದ ಮನೆಯವರೂ ಆಟಕ್ಕೆ ಬರುತ್ತಾರೆ, ಅದೇ ಮಜಾ.

ಒಂದು ಸಣ್ಣ ಪ್ರಯೋಗ ಮಾಡಿ. ಮುಂಗೈ ಒಳಭಾಗದಲ್ಲಿ ಪೆನ್ನಿನ ಮುಚ್ಚಳದ ತುದಿಯಿಂದ ಸ್ವಲ್ಪ ಒತ್ತಿ ಒಂದು ಗೆರೆ ಎಳೆಯಿರಿ. ಗಾಯ ಆಗಬಾರದು, ಅಷ್ಟು ಜೋರು ಬೇಡ. ಮೊದಲು ಗೆರೆ ಕೆಂಪಾಗುತ್ತೆ. ಒಂದೆರಡು ನಿಮಿಷದಲ್ಲಿ, ನೀವು ಮುಟ್ಟೇ ಇರದ ಅಕ್ಕಪಕ್ಕದ ಚರ್ಮಕ್ಕೂ ಕೆಂಪು ಹರಡಬಹುದು. ಕೆಲವರಿಗೆ ಗೆರೆಯ ಮೇಲೆ ಉಬ್ಬು ಕೂಡ ಬರುತ್ತೆ. 1927ರಲ್ಲಿ ಥಾಮಸ್ ಲೂಯಿಸ್ ಇದನ್ನು ವಿವರವಾಗಿ ಬರೆದಿಟ್ಟಿದ್ದಾರೆ. ಹರಡುವ ಕೆಂಪಿಗೆ ಕಾರಣ ನರ. ಒಂದು ಕವಲಿನಲ್ಲಿ ಎದ್ದ ಸಂಕೇತ ಬೆನ್ನುಹುರಿಯ ಕಡೆಗೆ ಹೋಗುತ್ತಲೇ ದಾರಿಯಲ್ಲಿ ಸಿಗುವ ಇನ್ನೊಂದು ಕವಲಿಗೆ ತಿರುಗಿ ವಾಪಸ್ ಚರ್ಮಕ್ಕೇ ಬರುತ್ತೆ, ಅಲ್ಲಿ ತುದಿಯಿಂದ ಸಬ್‌ಸ್ಟೆನ್ಸ್ ಪಿ, ಸಿಜಿಆರ್‌ಪಿ ಅನ್ನುವ ಪೆಪ್ಟೈಡ್‌ಗಳನ್ನು ಸುರಿಯುತ್ತೆ, ರಕ್ತನಾಳ ಹಿಗ್ಗುತ್ತೆ. ಅಂದರೆ ನೋವಿನ ನರ ಬರೀ ಸುದ್ದಿ ಹೊರುವ ತಂತಿ ಆಗಿದ್ದಿದ್ದರೆ ನಿಮ್ಮ ಕೈ ಅಷ್ಟಗಲ ಕೆಂಪಾಗುತ್ತಿರಲಿಲ್ಲ.

ಗ್ಲುಟಮೇಟ್ ಕೂಡ ಇದೇ ದಾರಿಯಲ್ಲಿ ಹೊರಬರುತ್ತೆ. ಇಲಿಯ ಕಾಲಿನ ನರಕ್ಕೆ ವಿದ್ಯುತ್ ಕೊಟ್ಟು, ಚರ್ಮದೊಳಗೆ ಕೂದಲಿನಂಥ ಸಣ್ಣ ನಳಿಕೆ ಇಟ್ಟು ಅಳೆದರೆ ಅಲ್ಲಿ ಗ್ಲುಟಮೇಟ್ ಏರಿದ್ದು ಕಾಣುತ್ತೆ. ಕೆರಳಿಸುವ ರಾಸಾಯನಿಕವಾದ ಫಾರ್ಮಲಿನ್ ಚುಚ್ಚಿದರೂ ಏರುತ್ತೆ.

ನರ ಒಂದೇ ಅಲ್ಲ ಬಿಡುವವರು. ಜಜ್ಜಿಹೋದ ಪ್ರತಿ ಕೋಶದ ಒಳಗೂ ಗ್ಲುಟಮೇಟ್ ಇದೆ, ಹೊರಗಿನ ದ್ರವಕ್ಕಿಂತ ಎಷ್ಟೋ ಪಟ್ಟು ಗಟ್ಟಿಯಾಗಿ. ಗೋಡೆ ಒಡೆದರೆ ಸೋರುತ್ತೆ. ರಕ್ತದ ದ್ರವದಲ್ಲೂ ಇದೆ, ಊತದ ಜೊತೆ ಅದೂ ಒಸರುತ್ತೆ. ಮ್ಯಾಕ್ರೋಫೇಜ್ ಅನ್ನುವ ರಕ್ಷಣಾ ಕೋಶಗಳೂ ಬಿಡುತ್ತವೆ. ಬಿಡುವವರು ಇಷ್ಟು ಜನ, ನೋವಿನ ಮಟ್ಟಿಗೆ ಕೇಳಿಸಿಕೊಳ್ಳುವುದು ಆ ನರತುದಿ.

ರಾತ್ರಿಪಾಳಿ:

ಪೆನ್ನಿನ ಮುಚ್ಚಳ ಮಾಡಿದೆ. ಗೆರೆಯ ಎರಡೂ ಕಡೆ ಒಂದು ಬೆರಳಗಲ ಕೆಂಪಾಯ್ತು. ಡ್ಯೂಟಿಯಲ್ಲಿದ್ದವರು ಎಲ್ಲರೂ ಕೈ ಕೆಂಪು ಮಾಡಿಕೊಂಡು ಕೂತಿದ್ದೇವೆ ಈಗ.

ಅನುಮಾನಿ:

ತಣ್ಣೀರು ಎರಚುತ್ತೇನೆ, ಬೇಜಾರು ಮಾಡ್ಕೋಬೇಡಿ. ಇಲಿಯ ಅಂಗಾಲಿಗೆ ಯಾವುದನ್ನೇ ಗಟ್ಟಿಯಾಗಿ ಕಲಸಿ ಚುಚ್ಚಿದರೂ ಅದು ಕಾಲೆಳೆದುಕೊಳ್ಳುತ್ತೆ, ಉಪ್ಪುನೀರು ಗಟ್ಟಿಯಾಗಿದ್ದರೆ ಅದಕ್ಕೂ ನೋವು. ರಿಸೆಪ್ಟರ್ "ಇದೆ" ಅನ್ನುವುದಕ್ಕೂ, ನಿಜವಾದ ನೋವಿನಲ್ಲಿ ಅದು "ದುಡಿಯುತ್ತೆ" ಅನ್ನುವುದಕ್ಕೂ ಬಹಳ ದೂರ. ಮನುಷ್ಯರಲ್ಲಿ ಏನಿದೆ ಹೇಳಿ.

ಕವಳಿ_ಹಣ್ಣು:

ಮನುಷ್ಯರಲ್ಲಿ ಇದೆ ಸರ್. ನಾನು ದಂತವೈದ್ಯೆ, ದವಡೆ ನೋವಿನವರನ್ನೇ ದಿನಾ ನೋಡೋದು, ಅದಕ್ಕೇ ಇದು ಗೊತ್ತು. ಬ್ರಯಾನ್ ಕೇರ್ನ್ಸ್, ಪೀಟರ್ ಸ್ವೆನ್ಸನ್ ಇವರ ಗುಂಪು ಆರೋಗ್ಯವಂತ ಸ್ವಯಂಸೇವಕರ ದವಡೆಯ ಸ್ನಾಯುವಿಗೇ, ಅಗಿಯುವಾಗ ಕೆನ್ನೆಯಲ್ಲಿ ಉಬ್ಬುತ್ತಲ್ಲ ಆ ಮ್ಯಾಸೆಟರ್‌ಗೆ, ಗ್ಲುಟಮೇಟ್ ಚುಚ್ಚಿ ನೋಡಿದರು. ನೋವು ಬಂತು, ಆಮೇಲೆ ಆ ಜಾಗ ಒತ್ತಿದರೆ ಮೊದಲಿಗಿಂತ ಬೇಗ ನೋಯುತ್ತಿತ್ತು. ಗಟ್ಟಿ ದ್ರಾವಣ ಅನ್ನುವ ನಿಮ್ಮ ಆಕ್ಷೇಪಕ್ಕೂ ಉತ್ತರ ಇದೆ. ಅದೇ ಗ್ಲುಟಮೇಟ್ ಜೊತೆ ಎನ್‌ಎಂಡಿಎ ರಿಸೆಪ್ಟರ್ ಮುಚ್ಚುವ ಕೆಟಮಿನ್ ಸ್ವಲ್ಪ ಬೆರೆಸಿ ಚುಚ್ಚಿದಾಗ ನೋವು ಕಡಿಮೆ ಆಯಿತು. ಬರೀ ಗಟ್ಟಿತನದ ನೋವಾಗಿದ್ದರೆ ಹಾಗಾಗಬೇಕಿರಲಿಲ್ಲ ಅಲ್ವಾ?

ಇನ್ನೊಂದು ವಿಷಯ. 2001ರ ಅವರ ಕೆಲಸದಲ್ಲಿ ಅದೇ ಪ್ರಮಾಣಕ್ಕೆ ಹೆಂಗಸರಿಗೆ ಗಂಡಸರಿಗಿಂತ ಜಾಸ್ತಿ ನೋವಾಗಿತ್ತು. "ಹೆಂಗಸರು ನೋವು ಹೇಳಿಕೊಳ್ಳೋದು ಜಾಸ್ತಿ" ಅಂತ ಸುಲಭವಾಗಿ ತಳ್ಳಿಹಾಕುವವರು ಮುಂದಿನ ಸಾಲನ್ನೂ ಓದಬೇಕು. ಹೆಣ್ಣಿಲಿಯ ಸ್ನಾಯುವಿನ ನರ ಕೂಡ ಗಂಡಿಲಿಯದ್ದಕ್ಕಿಂತ ಜಾಸ್ತಿ ಮಿಡಿಯಿತು. ಇಲಿಗೆ ಹೇಳಿಕೊಳ್ಳುವ ಚಟ ಇಲ್ಲ.

ಅನುಮಾನಿ:

ಕೆಟಮಿನ್ ಬೆರೆಸಿದ್ದು ಒಳ್ಳೇ ಉತ್ತರ, ಒಪ್ಪಿದೆ. ಅರ್ಧ. ಕೆಟಮಿನ್ ಗಟ್ಟಿ ಪ್ರಮಾಣದಲ್ಲಿ ನರದ ಸಂಕೇತ ಎಬ್ಬಿಸುವ ಸೋಡಿಯಂ ಚಾನೆಲ್‌ಗಳನ್ನೂ ಮುಚ್ಚುತ್ತೆ, ಅಂದರೆ ಮರಗಟ್ಟಿಸುವ ಮದ್ದಿನ ಕೆಲಸವನ್ನೂ ಒಂಚೂರು ಮಾಡುತ್ತೆ. ಯಾವ ಬಾಗಿಲು ಮುಚ್ಚಿದ್ದರಿಂದ ನೋವು ಇಳಿಯಿತು ಅಂತ ಹೇಗೆ ಹೇಳ್ತೀರಿ? ಇಲಿ ಚಟದ ಮಾತು ಮಾತ್ರ ಪೂರ್ತಿ ಒಪ್ಪಿದೆ.

ಎಳೆದು_ಬಿಡು:

ಫಿಸಿಯೋಥೆರಪಿ ಕಡೆಯವನು ನಾನು. ನಮ್ಮಲ್ಲಿ ಇದು ಬೇರೆ ದಾರಿಯಿಂದ ಬಂತು. ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು, ಅಕಿಲೀಸ್ ಟೆಂಡನ್, ತಿಂಗಳುಗಟ್ಟಲೆ ನೋಯುವವರು ಇರ್ತಾರಲ್ಲ, ಓಟಗಾರರು ಜಾಸ್ತಿ. ಎಲ್ಲರೂ ಅದನ್ನು ಉರಿಯೂತ ಅಂತಲೇ ಕರೆಯುತ್ತಿದ್ದರು. 1999ರಲ್ಲಿ ಸ್ವೀಡನ್ನಿನ ಹಾಕನ್ ಆಲ್ಫ್ರೆಡ್‌ಸನ್ ಮತ್ತು ಜೊತೆಗಾರರು ನೋಯುವ ಟೆಂಡನ್ ಒಳಗೇ ನಳಿಕೆ ಇಟ್ಟು ಅಳೆದರು. ಉರಿಯೂತದ ಗುರುತಾದ ಪ್ರೊಸ್ಟಾಗ್ಲಾಂಡಿನ್ ಇ2 ನೋವಿಲ್ಲದವರಿಗಿಂತ ಹೆಚ್ಚೇನೂ ಇರಲಿಲ್ಲ. ಗ್ಲುಟಮೇಟ್ ಮಾತ್ರ ಜಾಸ್ತಿ ಇತ್ತು.

ನನಗೆ ಇದು ದೊಡ್ಡ ವಿಷಯ. ಯಾಕಂದ್ರೆ ವರ್ಷಾನುಗಟ್ಟಲೆ ಉರಿಯೂತದ ಮಾತ್ರೆ ನುಂಗಿ "ಏನೂ ಪ್ರಯೋಜನ ಆಗಲಿಲ್ಲ" ಅಂತ ಬರುವವರನ್ನು ನೋಡಿ ಸಾಕಾಗಿತ್ತು. ಅವರು ಸುಳ್ಳು ಹೇಳ್ತಿರಲಿಲ್ಲ, ಮಾತ್ರೆಗೆ ಅಲ್ಲಿ ಮಾಡಲು ಕೆಲಸವೇ ಕಡಿಮೆ ಇತ್ತು. ಭುಜ-ಕತ್ತಿನ ಟ್ರೆಪೀಜಿಯಸ್ ಸ್ನಾಯು ಸದಾ ನೋಯುವ ಹೆಂಗಸರಲ್ಲೂ 2004ರ ಒಂದು ಅಳತೆಯಲ್ಲಿ ಸ್ನಾಯುವಿನೊಳಗೆ ಗ್ಲುಟಮೇಟ್ ಹೆಚ್ಚಿತ್ತು.

ಒಂದು ಎಚ್ಚರಿಕೆ ನಾನೇ ಹೇಳಿಬಿಡ್ತೀನಿ, ಅನುಮಾನಿಯವರು ಬರುವ ಮುಂಚೆ. ಜಾಸ್ತಿ ಇದೆ ಅಂದ ಮಾತ್ರಕ್ಕೆ ನೋವಿಗೆ ಅದೇ ಕಾರಣ ಅಂತಲ್ಲ. ಬೆಂಕಿ ಬಿದ್ದ ಮನೆ ಮುಂದೆಲ್ಲ ಅಗ್ನಿಶಾಮಕದವರು ಇರ್ತಾರೆ, ಹಚ್ಚಿದ್ದು ಅವರಲ್ಲ.

ಅನುಮಾನಿ:

ನನ್ನ ಕೆಲಸ ನೀವೇ ಮಾಡಿದ್ರಿ, ಥ್ಯಾಂಕ್ಸ್.

ಮೊಣಕಾಲಪ್ಪ:

ನಾನು ಡಾಕ್ಟರಲ್ಲ, ಹನ್ನೆರಡು ವರ್ಷದಿಂದ ಸಂಧಿವಾತ ಇರುವವನು. ಮೊಣಕಾಲಿನ ನೀರು ತೆಗೆಸಿಕೊಂಡಿದ್ದೀನಿ ಮೂರು ಸಲ. ಆ ನೀರಲ್ಲೂ ಇದು ಇರುತ್ತಾ? ಇದ್ದರೆ, ಆ ರಿಸೆಪ್ಟರ್ ಮುಚ್ಚುವ ಮುಲಾಮು ಹಚ್ಚಿಕೊಂಡು ಮಲಗಬಹುದಲ್ಲ? ಮೆದುಳಿಗೆ ಹೋಗಲ್ಲ, ಮಂಪರು ಇಲ್ಲ. ನೋವು ಇರುವ ಕಡೆಯೇ ಬಾಗಿಲು ಹಾಕಿದ ಹಾಗೆ. ಯಾಕೆ ಯಾರೂ ಮಾಡ್ತಿಲ್ಲ?

ಲ್ಯಾಬ್‌ಕೋಟು:

ಇರುತ್ತೆ. ಸಂಧಿವಾತದವರ ಕೀಲಿನ ದ್ರವದಲ್ಲಿ ಗ್ಲುಟಮೇಟ್ ಹೆಚ್ಚಿರುವುದನ್ನು ಅಳೆದಿದ್ದಾರೆ. ಇಲಿಯ ಮೊಣಕಾಲಿನೊಳಗೆ ಈ ರಿಸೆಪ್ಟರ್‌ಗಳನ್ನು ತಡೆದರೆ ನೋವಿನ ವರ್ತನೆ ಕಡಿಮೆ ಆಗಿದ್ದೂ ಇದೆ. ನಿಮ್ಮ ಮುಲಾಮಿನ ಯೋಚನೆ ಬಹಳ ಜನಕ್ಕೆ ಬಂದಿತ್ತು. ಕೆಟಮಿನನ್ನು ರಕ್ತಕ್ಕೆ ಕೊಟ್ಟರೆ ತಲೆ ತೇಲಿದ ಹಾಗೆ, ತಾನು ದೇಹದ ಹೊರಗಿದ್ದ ಹಾಗೆ ಅನಿಸುತ್ತೆ, ಅದಕ್ಕೇ ಚರ್ಮಕ್ಕೆ ಮಾತ್ರ ಕೊಡೋಣ ಅಂತ.

ಅನುಮಾನಿ:

ಮಾಡಿಯೇ ನೋಡಿದ್ದಾರೆ ಮೊಣಕಾಲಪ್ಪನವರೇ, ಇದೇ ನನ್ನ ಮುಖ್ಯ ತಕರಾರು. 2005ರಲ್ಲಿ ನರದ ನೋವಿನ 92 ಜನಕ್ಕೆ ಕೆಟಮಿನ್ 1%, ನರದ ನೋವಿಗೂ ಕೊಡುವ ಖಿನ್ನತೆಯ ಮದ್ದು ಅಮಿಟ್ರಿಪ್ಟಿಲಿನ್ 2% ಕ್ರೀಮು ಹಚ್ಚಿಸಿ, ಸುಳ್ಳು ಕ್ರೀಮಿನ ಜೊತೆ ಹೋಲಿಸಿದರು. ವ್ಯತ್ಯಾಸ ಇಲ್ಲ. 2014ರಲ್ಲಿ ಕ್ಯಾನ್ಸರ್ ಔಷಧಿಯಿಂದ ಕೈಕಾಲಿನ ನರ ಹಾಳಾಗಿ ನೋಯುತ್ತಿದ್ದ 462 ಜನರ ಮೇಲೆ ಇನ್ನೂ ಗಟ್ಟಿ ಕ್ರೀಮು. ಅಲ್ಲೂ ಇಲ್ಲ. ಪಕ್ಷಪಾತ ಬೇಡ ಅಂತ ಇದನ್ನೂ ಹೇಳ್ತೀನಿ: 2009ರಲ್ಲಿ ಸಿಆರ್‌ಪಿಎಸ್ ಅನ್ನುವ ಭಯಂಕರ ನೋವಿನ ಕಾಯಿಲೆಯ 20 ಜನರಲ್ಲಿ, 10% ಕೆಟಮಿನ್ ಕ್ರೀಮು ಹಚ್ಚಿದಾಗ ಮುಟ್ಟಿದರೆ ಆಗುವ ನೋವು ಕಡಿಮೆ ಆಗಿತ್ತು. ಇಪ್ಪತ್ತು ಜನ. ಇದನ್ನು ನಂಬಿ ಅಂಗಡಿ ತೆರೆಯೋಕೆ ಆಗಲ್ಲ.

ಮೊಣಕಾಲಪ್ಪ:

ಹೋಗ್ಲಿ ಬಿಡಿ. ಕೇಳಿದ್ದಕ್ಕೆ ನೇರವಾಗಿ ಹೇಳಿದ್ರಲ್ಲ, ಅದೇ ಸಂತೋಷ. ಯಾರೂ ಹೀಗೆ ಹೇಳಲ್ಲ, "ಹಚ್ಚಿ ನೋಡಿ" ಅಂತ ಚೀಟಿ ಬರೆದುಕೊಟ್ಟು ಕಳಿಸ್ತಾರೆ.

ಲ್ಯಾಬ್‌ಕೋಟು:

ಆ ಪ್ರಯೋಗಗಳು ಸೋತವು, ನಿಜ. ಆದರೆ "ಚರ್ಮದ ರಿಸೆಪ್ಟರ್‌ಗೆ ಕೆಲಸವೇ ಇಲ್ಲ" ಅಂತ ಅದರಿಂದ ಹೊರಡಲ್ಲ. ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಎನ್‌ಎಂಡಿಎ, ಆಂಪಾ, ಕೈನೇಟ್ ಮೂರೂ ಚಾನೆಲ್‌ಗಳು, ಅಂದರೆ ಕೋಶದ ಗೋಡೆಯ ಬಾಗಿಲುಗಳು, ಗ್ಲುಟಮೇಟ್ ಕೂತ ಕೂಡಲೇ ತೆರೆದು ಅಯಾನು ಅನ್ನುವ ವಿದ್ಯುತ್ ಕಣಗಳನ್ನು ಒಳಬಿಡುತ್ತವೆ. ಎನ್‌ಎಂಡಿಎ ಸ್ವಲ್ಪ ಹಠಮಾರಿ, ಅದರ ಬಾಯಿಗೆ ಮೆಗ್ನೀಸಿಯಂ ಬಿರಡೆ ಇರುತ್ತೆ, ಕೋಶ ಆಗಲೇ ಒಂದಿಷ್ಟು ಕೆರಳಿದ್ದರೆ ಮಾತ್ರ ಬಿರಡೆ ಹಾರುತ್ತೆ. ಅಂದರೆ ಅದು ಗಲಾಟೆ ಶುರು ಮಾಡೋದಿಲ್ಲ, ಶುರುವಾದ ಗಲಾಟೆಗೆ ದನಿಗೂಡಿಸುತ್ತೆ. ಇವುಗಳ ಹೊರತಾಗಿ ಎಂಗ್ಲುಆರ್ ಅನ್ನುವ ಇನ್ನೊಂದು ಕುಟುಂಬ ಇದೆ, ಎಂಟು ಜನ. ಇವು ಚಾನೆಲ್ ಅಲ್ಲ, ಒಳಗೆ ನಿಧಾನದ ಸರಪಳಿ ಎಳೆಯುತ್ತವೆ. 2001ರಲ್ಲಿ ರಾಬರ್ಟ್ ಗೆರೋ ಅವರ ಲ್ಯಾಬ್ ಇಲಿಯ ಚರ್ಮದ ನರತುದಿಯಲ್ಲಿ ಎಂಗ್ಲುಆರ್5 ನೋವು ಹೆಚ್ಚಿಸುವುದನ್ನು ತೋರಿಸಿತು. ಅದು ಎಳೆಯುವ ಸರಪಳಿಯ ತುದಿಯಲ್ಲಿರೋದು ಟಿಆರ್‌ಪಿವಿ1, ಮೆಣಸಿನಕಾಯಿಯ ಖಾರಕ್ಕೂ 43 ಡಿಗ್ರಿ ಮೀರಿದ ಬಿಸಿಗೂ ತೆರೆಯುವ ಚಾನೆಲ್. ಡೇವಿಡ್ ಜೂಲಿಯಸ್ 2021ರ ನೊಬೆಲ್ ಹಂಚಿಕೊಂಡಿದ್ದು ಇದರ ಕೆಲಸಕ್ಕೇ. ಸರಪಳಿ ಎಳೆದಾಗ ಅದು 43ರ ತನಕ ಕಾಯಲ್ಲ. ಬಿಸಿಲಿಗೆ ಸುಟ್ಟ ಬೆನ್ನಿನ ಮೇಲೆ ಉಗುರು ಬೆಚ್ಚಗಿನ ನೀರೂ ಕುದಿಯುವ ನೀರಿನ ಹಾಗೆ ಅನಿಸೋದು ಈ ಬಗೆಯ ಬದಲಾವಣೆಯಿಂದಲೇ, ಅದನ್ನು ಮಾಡಿಸುವ ಹಲವರಲ್ಲಿ ಗ್ಲುಟಮೇಟ್ ಒಬ್ಬ.

ಈಗ ತಮಾಷೆ ಕೇಳಿ. ಅದೇ ಕುಟುಂಬದ ಎಂಗ್ಲುಆರ್2, 3 ಅದೇ ನರತುದಿಯಲ್ಲಿ ಕೂತು ಉಲ್ಟಾ ಕೆಲಸ ಮಾಡುತ್ತವೆ. ಬ್ರೇಕ್. ಪ್ರೊಸ್ಟಾಗ್ಲಾಂಡಿನ್ ಕೆರಳಿಸಿದ್ದನ್ನು ಇವು ತಣ್ಣಗೆ ಮಾಡುತ್ತವೆ. ಒಂದೇ ಗ್ಲುಟಮೇಟ್ ಆಕ್ಸಿಲರೇಟರ್ ಮೇಲೂ ಕಾಲಿಟ್ಟಿದೆ, ಬ್ರೇಕ್ ಮೇಲೂ ಕಾಲಿಟ್ಟಿದೆ.

ಇದಕ್ಕಿಂತ ವಿಚಿತ್ರ 2013ರದ್ದು. ಇಲಿಯ ಸಂವೇದನಾ ನರಗಳಿಂದ ಮಾತ್ರ ಎನ್‌ಎಂಡಿಎ ರಿಸೆಪ್ಟರ್‌ನ ಮುಖ್ಯ ತುಂಡನ್ನು ಜೀನ್ ಮಟ್ಟದಲ್ಲೇ ತೆಗೆದುಹಾಕಿದರು. ನೋವು ಕಮ್ಮಿ ಆಗಬೇಕಿತ್ತು ತಾನೇ? ಜಾಸ್ತಿ ಆಯಿತು! ಅದರ ಮೂಲಕ ಒಳಬರುವ ಕ್ಯಾಲ್ಸಿಯಂ ಕೋಶವನ್ನು ಶಾಂತ ಮಾಡುವ ಪೊಟ್ಯಾಸಿಯಂ ಚಾನೆಲ್‌ಗಳನ್ನೂ ತೆರೆಯುತ್ತಿತ್ತು, ಅದು ನಿಂತುಹೋಯಿತು. ಆದರೆ 2011ರಲ್ಲಿ ಹೈಡಲ್‌ಬರ್ಗ್‌ನ ರೋಹಿಣಿ ಕೂನರ್ ಅವರ ಗುಂಪು ಇದೇ ರೀತಿ ನೋವಿನ ನರಗಳಿಂದ ಆಂಪಾದ ಗ್ಲುಎ1 ತುಂಡನ್ನು ತೆಗೆದಾಗ ಉರಿಯೂತದ ನೋವು ನಿರೀಕ್ಷೆಯಂತೆ ಕಡಿಮೆ ಆಗಿತ್ತು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ: ಚರ್ಮದ ಗ್ಲುಟಮೇಟ್ ರೇಡಿಯೋದ ವಾಲ್ಯೂಮ್ ತಿರುಗಣೆ, ಸ್ಟೇಷನ್ ಅಲ್ಲ. ಉರಿಯೂತ ಇರುವಾಗ ತಿರುಗಣೆ ಏರಿರುತ್ತೆ. ಕ್ರೀಮು ಹಚ್ಚಿ ನೋಡಿದ ಆ 462 ಜನರಲ್ಲಿ ಹಾಳಾಗಿದ್ದು ನರವೇ, ಅಂದರೆ ತಂತಿಯೇ ಕೆಟ್ಟಿತ್ತು, ಅಲ್ಲಿ ತಿರುಗಣೆ ತಿರುಗಿಸಿ ಏನು ಬರುತ್ತೆ? ಕೀಲು, ಟೆಂಡನ್, ದವಡೆ ಸ್ನಾಯು, ಇಂಥ ಕಡೆ ನೋಡಬೇಕಿತ್ತು ಅಂತ ನನ್ನ ಹಠ.

ಅನುಮಾನಿ:

"ನೋಡಬೇಕಿತ್ತು" ಅನ್ನೋದು ಪುರಾವೆ ಅಲ್ಲ. ಆದರೆ 2013ರ ಇಲಿ ನನಗೆ ಗೊತ್ತಿರಲಿಲ್ಲ, ಅದು ನನ್ನ ಕಡೆಯ ವಾದ, ನೀವೇ ತಂದುಕೊಟ್ರಿ. ಮರ್ಯಾದಸ್ಥರು.

ಸುಮ್ನೆ_ಕೇಳ್ದೆ:

ಯಾರೂ ಕೇಳದ ಪ್ರಶ್ನೆ ನಾನೇ ಕೇಳ್ತೀನಿ. ಅಜಿನೊಮೊಟೊ ಅಂದ್ರೂ ಗ್ಲುಟಮೇಟೇ ತಾನೇ? ತಿಂದರೆ ನೋವು ಏರುತ್ತಾ?

ಕವಳಿ_ಹಣ್ಣು:

ಅದೇ ಅಣು, 1908ರಲ್ಲಿ ಜಪಾನಿನ ಇಕೆಡಾ ಕಡಲಪಾಚಿಯಿಂದ ತೆಗೆದದ್ದು. ಊಟದಲ್ಲಿ ಹೋಗುವ ಗ್ಲುಟಮೇಟ್‌ನ ಬಹುಪಾಲನ್ನು ಕರುಳಿನ ಗೋಡೆಯೇ ಇಂಧನವಾಗಿ ಸುಟ್ಟುಬಿಡುತ್ತೆ, ರಕ್ತಕ್ಕೆ ದಾಟೋದು ಸ್ವಲ್ಪ. ಒಂದೇ ಸಲಕ್ಕೆ ಕೆಜಿಗೆ 150 ಮಿಲಿಗ್ರಾಂ ತನಕ, ಅಂದರೆ 60 ಕೆಜಿಯವರಿಗೆ 9 ಗ್ರಾಂ, ಪಾನೀಯದಲ್ಲಿ ಕಲಸಿ ಕುಡಿಸಿದ 2010ರ ಪ್ರಯೋಗದಲ್ಲಿ ತಲೆನೋವು ಹೆಚ್ಚು ಬಂದಿತ್ತು. ಯಾರು ಹಾಗೆ ಗಟಗಟ ಕುಡಿಯುತ್ತಾರೆ ಹೇಳಿ. ಕಿರುಬೆರಳಿನ ಊತಕ್ಕೆ ಅಡುಗೆಮನೆಯನ್ನು ಬೈಯಬೇಡಿ.

ರಾತ್ರಿಪಾಳಿ:

ಬೊಟಾಕ್ಸ್ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮಲ್ಲಿ ದೀರ್ಘಕಾಲದ ಮೈಗ್ರೇನ್‌ನವರಿಗೆ ಹಣೆ, ಕತ್ತಿನಲ್ಲೆಲ್ಲ ಸಣ್ಣ ಸಣ್ಣ ಚುಚ್ಚುಮದ್ದು ಕೊಡ್ತಾರೆ, ಸೂಜಿ ಎಣಿಸೋದು ನನ್ನ ಪಾಳಿಯ ಕೆಲಸ. ಇದಕ್ಕೂ ನಿಮ್ಮ ಗ್ಲುಟಮೇಟ್‌ಗೂ ಸಂಬಂಧ ಇದೆಯಾ?

ಲ್ಯಾಬ್‌ಕೋಟು:

ಇದೆ, ಅನುಮಾನಿಯವರಿಗೆ ಕೊಡಲು ಇಟ್ಟುಕೊಂಡಿದ್ದ ಪಟಾಕಿ ಅದು, ನೀವು ಹಚ್ಚಿಬಿಟ್ರಿ. ಬೊಟಾಕ್ಸ್ ರಿಸೆಪ್ಟರ್ ಮುಚ್ಚಲ್ಲ. ನರತುದಿಯೊಳಗೆ ಹೋಗಿ ಸ್ನ್ಯಾಪ್-25 ಅನ್ನುವ ಪ್ರೋಟೀನನ್ನು ಕತ್ತರಿಸುತ್ತೆ, ಅದಿಲ್ಲದೆ ಸರಕು ತುಂಬಿದ ಪುಟ್ಟ ಚೀಲಗಳು ಹೊರಗೆ ಸುರಿಯೋಕೆ ಆಗಲ್ಲ. 2004ರಲ್ಲಿ ಇಲಿಯ ಅಂಗಾಲಿಗೆ ಮೊದಲೇ ಬೊಟಾಕ್ಸ್ ಕೊಟ್ಟು ಆಮೇಲೆ ಫಾರ್ಮಲಿನ್ ಚುಚ್ಚಿದಾಗ ಅಲ್ಲಿನ ಗ್ಲುಟಮೇಟ್ ಏರಿಕೆಯೂ ಇಳಿಯಿತು, ನೋವೂ ಇಳಿಯಿತು. ಅಮೆರಿಕದಲ್ಲಿ ದೀರ್ಘಕಾಲದ ಮೈಗ್ರೇನ್‌ಗೆ 2010ರಲ್ಲಿ ಒಪ್ಪಿಗೆ ಸಿಕ್ಕಿತು. ಸಿಜಿಆರ್‌ಪಿ ಬಿಡುಗಡೆಯನ್ನೂ ಅದು ತಡೆಯುತ್ತೆ, ಆದ್ದರಿಂದ ಪೂರ್ತಿ ಕೀರ್ತಿ ಗ್ಲುಟಮೇಟ್‌ಗೆ ಕೊಡಲಾರೆ.

ಅನುಮಾನಿ:

ಆ ಕೊನೇ ಸಾಲು ಇಲ್ಲದಿದ್ದರೆ ಜಗಳಕ್ಕೆ ಬರ್ತಿದ್ದೆ.

ಮಂಚದ_ಕಾಲು:

ಎಲ್ಲರಿಗೂ ಧನ್ಯವಾದ, ಮೂರು ಸಲ ಓದಿದೆ. ಇವತ್ತು ಐದನೇ ದಿನ. ಊತ ಇಳಿದಿದೆ, ಹೊದಿಕೆ ತಾಗಿದರೆ ಏನೂ ಅನಿಸ್ತಿಲ್ಲ. ಒಂದು ಅನುಮಾನ ಉಳಿದಿದೆ. ಎರಡನೇ ದಿನ ಬೆರಳಷ್ಟೇ ಅಲ್ಲ, ಪೆಟ್ಟೇ ಬೀಳದ ಪಾದದ ಅಂಚು ಕೂಡ ಮುಟ್ಟಿದರೆ ನೋಯುತ್ತಿತ್ತು. ಅಲ್ಲಿಗೂ ಗ್ಲುಟಮೇಟ್ ಹರಿದು ಹೋಗಿತ್ತಾ?

ಲ್ಯಾಬ್‌ಕೋಟು:

ಅದು ಚರ್ಮದ್ದಲ್ಲ. ಪೆಟ್ಟು ಬಿದ್ದ ಜಾಗದ ಅತಿಸೂಕ್ಷ್ಮತೆ ಹೆಚ್ಚಾಗಿ ನರತುದಿಯದ್ದು, ಸುತ್ತಲಿನ ಪೆಟ್ಟಿಲ್ಲದ ಜಾಗದ್ದು ಬೆನ್ನುಹುರಿಯದ್ದು, ಅಲ್ಲಿನ ಕೋಶಗಳೇ ಕೆರಳಿ ಪಕ್ಕದ ಜಾಗದ ಮುಟ್ಟುವಿಕೆಯನ್ನೂ ನೋವು ಅಂತ ಓದುತ್ತವೆ. ಅಲ್ಲಿ ಕೆಲಸ ಮಾಡಿದ್ದೂ ಗ್ಲುಟಮೇಟೇ, ಎನ್‌ಎಂಡಿಎ ರಿಸೆಪ್ಟರೇ. ನೀವು ಡಿಗ್ರಿಯಲ್ಲಿ ಓದಿದ್ದು ಅಲ್ಲಿ ಬಂತು ನೋಡಿ.

ಮಂಚದ_ಕಾಲು:

ಸರಿ ಹಾಗಾದ್ರೆ. ಮಂಚವನ್ನು ಗೋಡೆಗೆ ತಳ್ಳಿದ್ದೀನಿ.